ಕಿವಿಗೊಟ್ಟು ಕೇಳಿ: ಮಾಸ್ಟರಿಂಗ್ ಕೋಣೆಯಿಂದ ಓದುಗರಿಗೆ ಉತ್ತರ

ಹೋದ ಸಂಚಿಕೆಯಲ್ಲಿ ನನ್ನ ಕೆಲಸದ ಬಗ್ಗೆ ಎರಡು ಪುಟದ ಪರಿಚಯ ಬಂದಿತ್ತು. ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆ, ಬೇರೆಯವರ ಹಾಡುಗಳಿಗೆ ಮಾಸ್ಟರಿಂಗ್ (ಹಾಡು ಹೊರಬರುವ ಮುಂಚೆ ಸದ್ದಿನ ಹದವನ್ನು ಕೊನೆಯ ಸಲ ತಿದ್ದುವ ಕೆಲಸ) ಮಾಡಿ ಜೀವನ ನಡೆಸುತ್ತೇನೆ, ಊರು ಶಿರಸಿ, ಕೆಲಸ ಬೆಂಗಳೂರಿನ ಗಿರಿನಗರದ ಒಂದು ಮಹಡಿ ಕೋಣೆಯಲ್ಲಿ ಎಂದು ಅದರಲ್ಲಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವನ್ನು ಸಂಪಾದಕರು ಆರಿಸಿ ಕೊಟ್ಟಿದ್ದಾರೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ನಾನು ಬಿ.ಇ. ಕೊನೆಯ ವರ್ಷದಲ್ಲಿದ್ದೇನೆ. ಮೂರು ವರ್ಷದಿಂದ ಲ್ಯಾಪ್‌ಟಾಪಿನಲ್ಲಿ ಸಂಗೀತ ಮಾಡುತ್ತಿದ್ದೇನೆ. ಗಾಯಕರಿಲ್ಲ, ಸಾಹಿತ್ಯವಿಲ್ಲ, ಬರೀ ಸದ್ದು. ಇದರಿಂದ ಹೊಟ್ಟೆ ತುಂಬುತ್ತದೆಯೇ? ನೀವು ಮಾಸ್ಟರಿಂಗ್ ಹಿಡಿದದ್ದು ಸಂಗೀತದಲ್ಲಿ ದುಡ್ಡು ಹುಟ್ಟಲಿಲ್ಲ ಎಂದೇ?
— ವಿದ್ಯಾರ್ಥಿ, ದಾವಣಗೆರೆ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹೌದು, ಹಿಡಿದದ್ದು ಅದಕ್ಕೇ. ಬಿಡದೆ ಉಳಿಸಿಕೊಂಡದ್ದು ಬೇರೆ ಕಾರಣಕ್ಕೆ.

ನಿಮ್ಮಂಥ ಸಂಗೀತ ಮಾಡುವವರಿಗೆ ಜರ್ಮನಿಯ ಸ್ಟೆಫಾನ್ ಬೆಟ್ಕೆ ಅವರ ಕತೆ ಹೇಳುವುದು ನನಗೆ ತುಂಬ ಇಷ್ಟ. 1967ರಲ್ಲಿ ಡುಸೆಲ್‌ಡಾರ್ಫಿನಲ್ಲಿ ಹುಟ್ಟಿದವರು. 1996ರಲ್ಲಿ ಅವರ ಕೈಗೆ ಸದ್ದನ್ನು ಸೋಸುವ ಒಂದು ಫಿಲ್ಟರ್ ಪೆಟ್ಟಿಗೆ ಬಂತು, ವಾಲ್ಡಾರ್ಫ್ ಕಂಪನಿಯ ‘ಫೋರ್ ಪೋಲ್’. ಅದು ಬಿದ್ದು ಕೆಟ್ಟಿತು. ಕೆಟ್ಟ ಮೇಲೆ ಒಳಗಿಂದ ಚಟಪಟ, ಸುಯ್ ಎಂಬ ಸದ್ದು ಬರತೊಡಗಿತು, ಒಲೆಯಲ್ಲಿ ಹಸಿ ಸೌದೆ ಉರಿದ ಹಾಗೆ. ಅವರು ಅದನ್ನು ರಿಪೇರಿಗೆ ಕೊಡಲಿಲ್ಲ. ಆ ಸದ್ದಿನ ಕೆಳಗೆ ಜಮೈಕಾದ ಡಬ್ ಸಂಗೀತದ ನಿಧಾನದ ಬೇಸ್ ಇಟ್ಟು, ಫಿಲ್ಟರಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡು ‘ಪೋಲ್’ ಆದರು. 1998, 1999, 2000, ಸಾಲಾಗಿ ಮೂರು ವರ್ಷ ಮೂರು ಆಲ್ಬಂ. ಹೊದಿಕೆಯ ಮೇಲೆ ಚಿತ್ರ ಕೂಡ ಇಲ್ಲ, ನೀಲಿ, ಕೆಂಪು, ಹಳದಿ ಅಷ್ಟೇ. ಇಪ್ಪತ್ತು ವರ್ಷ ಕಳೆದ ಮೇಲೂ ಅವು ಮರುಮುದ್ರಣವಾದವು.

ಆ ದಿನಗಳಲ್ಲಿ ಅವರು ಬರ್ಲಿನ್ನಿನ ‘ಡಬ್‌ಪ್ಲೇಟ್ಸ್ ಆ್ಯಂಡ್ ಮಾಸ್ಟರಿಂಗ್’ ಎಂಬಲ್ಲಿ ಕೆಲಸಕ್ಕಿದ್ದರು. ಬೇರೆಯವರ ಸಂಗೀತವನ್ನು ಲೇತ್ ಯಂತ್ರದಲ್ಲಿ ಗ್ರಾಮಫೋನ್ ತಟ್ಟೆಗೆ ಕೊರೆಯುವ ಕೆಲಸ. 1999ರಲ್ಲಿ ಬಾರ್ಬರಾ ಪ್ರೈಸಿಂಗರ್ ಜೊತೆ ಸೇರಿ ‘ಸ್ಕೇಪ್’ ಎಂಬ ಲೇಬಲ್ ತೆರೆದರು. ಲೇಬಲ್ ಸುಮಾರು ಹತ್ತು ವರ್ಷ ನಡೆದು ನಿಂತಿತು. ಮಾಸ್ಟರಿಂಗ್ ನಿಲ್ಲಲಿಲ್ಲ. ಅವರ ಸ್ವಂತ ಆಲ್ಬಂಗಳ ನಡುವೆ ಐದು, ಎಂಟು ವರ್ಷಗಳ ಅಂತರ ಬಿದ್ದದ್ದೂ ಉಂಟು. ತಿಂಗಳ ಬಾಡಿಗೆಗಾಗಿ ಆಲ್ಬಂ ಮಾಡಬೇಕಾದವರು ಅಷ್ಟು ಕಾಯಲಾರರು. ಅದೇ ಮಾಸ್ಟರಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡಿದ ರಶಾದ್ ಬೆಕರ್ ಇನ್ನೂ ತಾಳ್ಮೆಯವರು. ವರ್ಷಗಟ್ಟಲೆ ಬೇರೆಯವರ ರೆಕಾರ್ಡುಗಳನ್ನು ಕೊರೆದು, ತಮ್ಮದೇ ಮೊದಲ ಆಲ್ಬಂ ತಂದದ್ದು 2013ರಲ್ಲಿ.

ನನ್ನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ವಯಸ್ಸಿನಲ್ಲಿ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಕಳೆದ ವರ್ಷ ನನ್ನ ಸ್ವಂತ ಸಂಗೀತದಿಂದ ಬಂದದ್ದು 31 ಸಾವಿರ ರೂಪಾಯಿ. ಅದರಲ್ಲಿ ಬಹುಪಾಲು, ಕಲಾವಿದರು ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್‌ ಜಾಲತಾಣದಲ್ಲಿ ಆಲ್ಬಂ ಕೊಂಡವರದು. ಡಿಜಿಟಲ್ ಮಾರಾಟದಲ್ಲಿ ಅವರು ನೂರಕ್ಕೆ ಹದಿನೈದನ್ನೂ ಹಣ ಪಾವತಿಯ ಶುಲ್ಕವನ್ನೂ ಹಿಡಿದುಕೊಂಡು ಉಳಿದದ್ದನ್ನು ಕಲಾವಿದರಿಗೆ ಬಿಡುತ್ತಾರೆ. ಸ್ಟ್ರೀಮಿಂಗ್‌ನಿಂದ ಬಂದದ್ದು ಕೈಬೆರಳಲ್ಲಿ ಎಣಿಸುವಷ್ಟು. 2024ರಿಂದ ಸ್ಪಾಟಿಫೈನಲ್ಲಿ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸದ ಟ್ರ್ಯಾಕಿಗೆ ಏನೂ ಸಿಗುವುದಿಲ್ಲ. ನಿಮ್ಮ ಹಾಗೆ ಬರೀ ಸದ್ದಿನ ಸಂಗೀತ ಮಾಡುವವರಿಗೆ ಆ ಸಾವಿರ ದಾಟುವುದೇ ಕಷ್ಟ. ಮನೆ ನಡೆದದ್ದು ಹಾಡಿಗೆ ನಾಲ್ಕು ಸಾವಿರದಂತೆ ಮಾಡಿದ ಮಾಸ್ಟರಿಂಗ್‌ನಿಂದ.

ಆದ್ದರಿಂದ ನನ್ನ ಸಲಹೆ: ನಿಮ್ಮ ಕಿವಿ ಪಳಗುವಂಥ ಒಂದು ದುಡಿಮೆ ಹುಡುಕಿಕೊಳ್ಳಿ. ಲೈವ್ ಸೌಂಡ್, ಡಬ್ಬಿಂಗ್ ಸ್ಟುಡಿಯೋ, ಪಾಡ್‌ಕಾಸ್ಟ್ ಎಡಿಟಿಂಗ್, ಯಾವುದಾದರೂ ಸರಿ. ಅದನ್ನು ‘ಸದ್ಯಕ್ಕೆ’ ಎಂದು ಮಾಡಬೇಡಿ, ಪೂರ್ತಿ ಮನಸ್ಸಿಟ್ಟು ಮಾಡಿ. ನಾನು ಮೊದಲ ಎರಡು ವರ್ಷ ಮಾಸ್ಟರಿಂಗನ್ನು ಹೊಟ್ಟೆಪಾಡು ಎಂದುಕೊಂಡೇ ಮಾಡಿದೆ. ಆಗ ಮಾಡಿದ ಕೆಲಸವನ್ನು ಈಗ ಕೇಳಿದರೆ ಗೊತ್ತಾಗುತ್ತದೆ, ಬೇರೆಯವರ ಹಾಡಿಗೆ ನಾನು ಕಿವಿಯನ್ನೇ ಕೊಟ್ಟಿರಲಿಲ್ಲ. ಬೇರೆಯವರ ಸಂಗೀತದೊಳಗೆ ದಿನವಿಡೀ ಕೂರುವುದು ಎಂಥ ಭಾಗ್ಯ ಎಂದು ತಿಳಿದ ಮೇಲೆಯೇ ನನ್ನ ಸಂಗೀತವೂ ಸುಧಾರಿಸಿತು. ಮತ್ತೆ, ಡಿಗ್ರಿ ಮುಗಿಸಿ. ಸಿಗ್ನಲ್ ಪ್ರೊಸೆಸಿಂಗ್ ಪೇಪರ್ ಇದ್ದರೆ ಅದನ್ನು ಬರೀ ಪಾಸಾಗಲು ಓದಬೇಡಿ.

ಈಗ ಹಾಡನ್ನು ಅಪ್‌ಲೋಡ್ ಮಾಡಿದರೆ ಸಾಫ್ಟ್‌ವೇರೇ ಐದು ನಿಮಿಷದಲ್ಲಿ ಮಾಸ್ಟರಿಂಗ್ ಮಾಡಿಕೊಡುತ್ತದೆ. ಹಾಗಿರುವಾಗ ನಾಲ್ಕು ಸಾವಿರ ಏಕೆ ಕೊಡಬೇಕು? ನೀವು ನಿಜವಾಗಿ ಮಾಡುವುದಾದರೂ ಏನು?
— ಭಾವಗೀತೆ ಗಾಯಕ, ಚಿತ್ರದುರ್ಗ

ನಮ್ಮ ಅಪ್ಪನಿಗೆ ಶಿರಸಿಯಲ್ಲಿ ಮೈಕ್‌ಸೆಟ್ ಅಂಗಡಿ ಇತ್ತು. ಮದುವೆ, ಜಾತ್ರೆ, ಎಲ್ಲಕ್ಕಿಂತ ಹೆಚ್ಚಾಗಿ ಯಕ್ಷಗಾನ. ಗದ್ದೆ ಬಯಲಿನ ಆಟಕ್ಕೆ ಅಪ್ಪನ ಜೊತೆ ಹೋಗಿ ವಯರ್ ಸುತ್ತುವುದು ನನ್ನ ಕೆಲಸ. ರಂಗಸ್ಥಳದ ಹಿಂದೆ ಭಾಗವತರು, ಪಕ್ಕದಲ್ಲಿ ಮದ್ದಳೆ, ಆಚೆ ಚಂಡೆ. ಚಂಡೆಗೆ ಮೈಕೇ ಬೇಡ, ಅದು ಭಾಗವತರ ಮೈಕಿನೊಳಗೆ ತಾನಾಗಿ ನುಗ್ಗುತ್ತದೆ. ಅಪ್ಪ ಆಂಪ್ಲಿಫೈಯರ್ ಪಕ್ಕ ಕೂರುತ್ತಲೇ ಇರಲಿಲ್ಲ. ಪೂರ್ವರಂಗ ಮುಗಿಯುವ ಹೊತ್ತಿಗೆ ಎದ್ದು, ಕಂಬಳಿ ಹೊದ್ದವರ ನಡುವೆ ದಾರಿ ಮಾಡಿಕೊಂಡು, ಕಡಲೆ ಗಾಡಿಯ ಆಚೆ ಇರುವ ಕಡೆಯ ಸಾಲಿನವರೆಗೆ ಹೋಗಿ ನಿಲ್ಲುತ್ತಿದ್ದರು. ಅಲ್ಲಿಂದ ನನಗೆ ಬ್ಯಾಟರಿ ಬಿಟ್ಟು ಸನ್ನೆ. ಒಂದು ಸಲ ಬೆಳಗಿದರೆ ಏರಿಸು, ಎರಡು ಸಲ ಬೆಳಗಿದರೆ ಇಳಿಸು. ಸದ್ದು ಸಾಕಷ್ಟು ದೊಡ್ಡದಿದೆಯಲ್ಲ, ಅಲ್ಲಿಗೇಕೆ ಹೋಗುವುದು ಎಂದು ಒಮ್ಮೆ ಕೇಳಿದ್ದಕ್ಕೆ, “ಕಡೇ ಸಾಲಲ್ಲಿ ಕುಂತವಂಗೂ ಭಾಗವತ್ರ ಪದ ಕೇಳವು ಕೂಸೇ” ಎಂದರು. ಕೇಳವು ಎಂದರೆ ಕೇಳಬೇಕು. ಅಪ್ಪ ನೋಡುತ್ತಿದ್ದದ್ದು ಪದದ ಸಾಹಿತ್ಯ ಅಲ್ಲಿಯವರೆಗೆ ಬಿಡಿಬಿಡಿಯಾಗಿ ತಲುಪಿತೇ ಎಂಬುದನ್ನು.

ನಾನು ಮಾಡುವುದೂ ಇದೇ. ನೀವು ಹಾಡಿ, ಇನ್ನೊಬ್ಬರು ಮಿಕ್ಸ್ ಮಾಡಿ, ಎರಡು ಚಾನೆಲ್‌ಗೆ ಇಳಿಸಿದ ಫೈಲ್ ನನಗೆ ಬರುತ್ತದೆ. ಅದನ್ನು ಕೇಳುವವರು ಎಲ್ಲೆಲ್ಲಿರುತ್ತಾರೆ? ಬಸ್ಸಿನಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು, ಅಡುಗೆಮನೆಯಲ್ಲಿ ಕುಕ್ಕರ್ ಪಕ್ಕ ಮೊಬೈಲ್ ಇಟ್ಟವರು, ಕಾರಿನವರು, ಒಳ್ಳೆಯ ಸ್ಪೀಕರ್ ಮುಂದೆ ಕಣ್ಣು ಮುಚ್ಚಿ ಕೂತವರು. ಇವರೆಲ್ಲರಿಗೂ ನಿಮ್ಮ ಮಾತು ತಲುಪಬೇಕು.

ಒಂದು ಕೆಲಸವನ್ನು ಹತ್ತಿರದಿಂದ ತೋರಿಸುತ್ತೇನೆ. ಹೋದ ಮಳೆಗಾಲದಲ್ಲಿ ರಾಯಚೂರು ಕಡೆಯ ತಂಡವೊಂದು ಏಳು ತತ್ವಪದ ಕಳಿಸಿತು. ಏಕತಾರಿ, ದಮ್ಮಡಿ, ಹಾರ್ಮೋನಿಯಂ, ಮನೆಯಲ್ಲೇ ಧ್ವನಿಮುದ್ರಣ. ಮೂರನೆಯ ಪದದಲ್ಲಿ ಏನೋ ಮಂಕು. ಮೂರು ಸಲ ಕೇಳಿದ ಮೇಲೆ ತಿಳಿಯಿತು, ಹಾಡಿನುದ್ದಕ್ಕೂ 50 ಹರ್ಟ್ಸ್‌ನ (ಸೆಕೆಂಡಿಗೆ 50 ಕಂಪನದ) ಗುಂಯ್ ಎಂಬ ನಾದ, ಅದರ ಮೇಲೆ 100ರದ್ದು. ನಮ್ಮ ದೇಶದ ಕರೆಂಟಿನ ಶ್ರುತಿ ಅದು, ಪಕ್ಕದ ಕೋಣೆಯ ಫ್ರಿಜ್ ಇರಬೇಕು. ಅದನ್ನು ಸೂಜಿಮೊನೆಯಷ್ಟು ಕಿರಿದಾಗಿ ಕತ್ತರಿಸಿ ತೆಗೆಯಬಹುದಿತ್ತು. ಆದರೆ ಏಕತಾರಿಯ ಮಂದ್ರವೂ 100ರ ಹತ್ತಿರವೇ ಇತ್ತು, ಅಲ್ಲಿ ಕತ್ತರಿಸಿದರೆ ಅದರ ಮೈಯೇ ಹೋಗುತ್ತಿತ್ತು. ಫೋನ್ ಮಾಡಿದೆ. “ಅಕ್ಕಾ, ಆ ಪದಕ್ಕ ಇನ್ನೊಂದು ಟೇಕ್ ಐತ್ರಿ, ಅವತ್ತು ಕರೆಂಟ್ ಹೋಗಿತ್ತು, ಇನ್ವರ್ಟರ್ ಮ್ಯಾಲ ಮಾಡೀವಿ” ಎಂದರು. ಆ ಟೇಕ್ ತರಿಸಿಕೊಂಡೆ. ಗುಂಯ್ ಇಲ್ಲ. ಹಾಡಿದ ಮುದುಕರ ದನಿ ಒಂದು ಕಡೆ ಬಿರಿದಿತ್ತು, ಅದನ್ನು ಹಾಗೇ ಬಿಟ್ಟೆ. ಈ ಮೂರನೆಯ ಪದಕ್ಕೆ ನಾನು ಮಾಡಿದ ನಿಜವಾದ ಕೆಲಸ ಆ ಫೋನ್ ಕರೆ. ಸಾಫ್ಟ್‌ವೇರ್ ನಿಮಗೆ ಫೋನ್ ಮಾಡುವುದಿಲ್ಲ.

ಇನ್ನು ಸದ್ದಿನ ಮಟ್ಟದ ವಿಚಾರ. “ಬೇರೆ ಹಾಡಿಗಿಂತ ಜೋರಾಗಿರಲಿ” ಎಂದು ಎಲ್ಲರೂ ಕೇಳುತ್ತಾರೆ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್ ಎಂಬ ಅಳತೆಯ ಆಸುಪಾಸಿಗೆ ತಂದು ಕೇಳಿಸುತ್ತದೆ, ಆ್ಯಪಲ್ ಮ್ಯೂಸಿಕ್ ಮೈನಸ್ 16ಕ್ಕೆ. ನೀವು ಅದಕ್ಕಿಂತ ಜೋರಾಗಿ, ಮೈನಸ್ 7ಕ್ಕೆ ಒತ್ತಿ ಕಳಿಸಿದರೂ ಅವರು ತಗ್ಗಿಸುತ್ತಾರೆ. ಆಗ ನಿಮಗೆ ಉಳಿಯುವುದು ಜೋರಲ್ಲ, ಒತ್ತುವಾಗ ಸತ್ತುಹೋದ ತಬಲಾದ ಪೆಟ್ಟು. ಭಾವಗೀತೆಗೆ ಉಸಿರಾಡಲು ಜಾಗ ಬೇಕು. ಆದರೆ ಎಲ್ಲದಕ್ಕೂ ಮೈನಸ್ 14 ಎಂಬುದೂ ಮೂಢನಂಬಿಕೆಯೇ. ಕುಣಿತದ ಸಂಗೀತಕ್ಕೆ ಸ್ವಲ್ಪ ಒತ್ತಡ ಚೆಂದ, ನನ್ನದನ್ನೂ ಒತ್ತುತ್ತೇನೆ. ಹಾಡು ಎಷ್ಟು ಕೇಳುತ್ತದೋ ಅಷ್ಟು.

ಒಂದು ಹಾಡಷ್ಟೇ ಇದ್ದು, ಮಿಕ್ಸ್ ಚೆನ್ನಾಗಿದ್ದು, ಕೈಯಲ್ಲಿ ದುಡ್ಡಿಲ್ಲದಿದ್ದರೆ ಸಾಫ್ಟ್‌ವೇರ್ ಬಳಸಿ, ಸಂಕೋಚ ಬೇಡ. ಆರೇಳು ಹಾಡಿನ ಆಲ್ಬಂ ಆದರೆ ಒಬ್ಬ ಮನುಷ್ಯರ ಕೈಗೆ ಕೊಡಿ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಎರಡು ಸೆಕೆಂಡ್ ಬೇಕೋ ನಾಲ್ಕು ಬೇಕೋ ಎಂಬುದನ್ನು ಎದೆಯಲ್ಲಿ ಎಣಿಸಬೇಕಾಗುತ್ತದೆ.

ಹೆಡ್‌ಫೋನ್ ತೆಗೆದುಕೊಳ್ಳಲೇ, ಸ್ಪೀಕರ್ ತೆಗೆದುಕೊಳ್ಳಲೇ? ಬಜೆಟ್ 20 ಸಾವಿರ.
— ಹೊಸದುರ್ಗ

ಹೆಡ್‌ಫೋನ್. ಹಿಂಬದಿ ತೆರೆದಿರುವ ಮಾದರಿ ನೋಡಿ. 20 ಸಾವಿರದ ಸ್ಪೀಕರನ್ನು ಹತ್ತಡಿ ಚೌಕದ ತಾರಸಿ ಕೋಣೆಯಲ್ಲಿಟ್ಟರೆ ನೀವು ಕೇಳುವುದು ಗೋಡೆಯನ್ನು. ಉಳಿದ ದುಡ್ಡಿಗೆ ಹಳೆಯ ಹತ್ತಿ ಹಾಸಿಗೆ ಎರಡು ಕೊಂಡು ಕೋಣೆಯ ಮೂಲೆಗೆ ನಿಲ್ಲಿಸಿ. ನಾನು ನಾಲ್ಕು ವರ್ಷ ಹಾಗೇ ಕೆಲಸ ಮಾಡಿದ್ದೇನೆ. ಇಷ್ಟವಾದ ಹತ್ತು ಹಾಡುಗಳನ್ನು ಅದೇ ಹೆಡ್‌ಫೋನಿನಲ್ಲಿ ತಿಂಗಳುಗಟ್ಟಲೆ ಕೇಳಿ.

ನನ್ನ ಮಗಳು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿ, ಬಂದ ಕೆಲಸ ಬಿಟ್ಟು, ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂತಿದ್ದಾಳೆ. ಸೌಂಡ್ ಎಂಜಿನಿಯರ್ ಆಗುತ್ತಾಳಂತೆ. ಅವಳ ಅಪ್ಪ ಮಾತು ಬಿಟ್ಟಿದ್ದಾರೆ. ಹೆಣ್ಣುಮಗಳು ಈ ಕ್ಷೇತ್ರದಲ್ಲಿ ಬದುಕಬಹುದೇನಮ್ಮ?
— ಒಬ್ಬ ತಾಯಿ, ಮೈಸೂರು

ಅಮ್ಮಾ, ನಿಮ್ಮ ಪತ್ರವನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಇಂಥದೇ ಪತ್ರವನ್ನು ನಮ್ಮ ಆಯಿಯೂ, ಎಂದರೆ ನನ್ನ ಅಮ್ಮನೂ, ಯಾರಿಗಾದರೂ ಬರೆದಿರಬಹುದು ಅನಿಸಿತು.

ಇಂಗ್ಲೆಂಡಿನಲ್ಲಿ ಡೀಲಿಯಾ ಡರ್ಬಿಶೈರ್ ಎಂಬವರಿದ್ದರು. ಕೇಂಬ್ರಿಜ್‌ನಲ್ಲಿ ಗಣಿತ, ಸಂಗೀತ ಎರಡನ್ನೂ ಓದಿದವರು. 1959ರಲ್ಲಿ ಡೆಕ್ಕಾ ರೆಕಾರ್ಡ್ ಕಂಪನಿಯಲ್ಲಿ ಕೆಲಸ ಕೇಳಿದಾಗ, ಸ್ಟುಡಿಯೋದಲ್ಲಿ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂದು ಕಳಿಸಿದರು. ಮುಂದೆ ಬಿಬಿಸಿಯಲ್ಲಿ ಹೊಸ ಸದ್ದುಗಳನ್ನು ಹುಟ್ಟಿಸುವ ವಿಭಾಗವಾದ ರೇಡಿಯೋಫೋನಿಕ್ ವರ್ಕ್‌ಶಾಪ್ ಸೇರಿದರು. 1963ರಲ್ಲಿ ರಾನ್ ಗ್ರೇನರ್ ಕಾಗದದ ಮೇಲೆ ಬರೆದುಕೊಟ್ಟ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ಸಿಂಥಸೈಜರ್ (ಸ್ವರ ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ) ಇಲ್ಲದೆ ಮಾಡಿದರು. ಒಂದೊಂದು ಸ್ವರವನ್ನೂ ಟೇಪಿನ ಮೇಲೆ ಬೇರೆಬೇರೆ ಹಿಡಿದು, ಬ್ಲೇಡಿನಲ್ಲಿ ಕತ್ತರಿಸಿ, ಅಂಟಿಸಿ. ಇಂದಿನ ಎಲೆಕ್ಟ್ರಾನಿಕ್ ಸಂಗೀತಗಾರರೆಲ್ಲ ಅವರಿಗೆ ಋಣಿಗಳು. ಮಾಸ್ಟರಿಂಗ್‌ನಲ್ಲಿ ನ್ಯೂಯಾರ್ಕಿನ ಎಮಿಲಿ ಲಜಾರ್ 2019ರಲ್ಲಿ ಗ್ರ್ಯಾಮಿ ಪಡೆದರು. ದಾರಿ ಇದೆ, ಆದರೆ ಉದ್ದ.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಶುರುವಿನಲ್ಲಿ ಸ್ಟುಡಿಯೋಗಳಿಗೆ ಹೋದರೆ “ಎಂಜಿನಿಯರ್ ಎಲ್ಲಿ?” ಎಂದು ನನ್ನನ್ನೇ ಕೇಳುತ್ತಿದ್ದರು. ರಾತ್ರಿ ಕೆಲಸ ಬಹಳ. ಮೂರು ವರ್ಷ ನೆಟ್ಟಗೆ ಆದಾಯ ಇರುವುದಿಲ್ಲ. ಆದ್ದರಿಂದ ಒಂದು ಗಡುವು ಇಟ್ಟುಕೊಳ್ಳಿ, ಎರಡು ವರ್ಷ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಅವಳು ಹೊರಗಿನವರಿಗೆ ದುಡ್ಡಿಗೆ ಮಾಡಿಕೊಟ್ಟ ಕೆಲಸ ಎಷ್ಟು ಎಂದು ಕೂತು ನೋಡಿ. ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ: ಅವಳ ಕೋಣೆಗೆ ಹೋಗಿ, ಆ ಹೆಡ್‌ಫೋನನ್ನು ನಿಮ್ಮ ಕಿವಿಗೆ ಹಾಕಿಸಿಕೊಂಡು, ಅವಳು ಮಾಡಿದ್ದನ್ನು ಒಂದು ಸಲ ಪೂರ್ತಿ ಕೇಳಿ. ಆಮೇಲೆ ಅವಳ ಅಪ್ಪನಿಗೂ ಹಾಕಿಸಿ.

ನಾನು ಹಿಂದೂಸ್ತಾನಿ ಕೇಳಿ ಬೆಳೆದವನು. ಯಂತ್ರದ ಸದ್ದನ್ನು ಸಂಗೀತ ಎನ್ನಲು ಮನಸ್ಸು ಒಪ್ಪುವುದಿಲ್ಲ. ಇದು ನಮ್ಮ ನೆಲದ್ದಲ್ಲ ಎಂದರೆ ತಪ್ಪೇ?
— ನಿವೃತ್ತ ಶಿಕ್ಷಕರು, ಧಾರವಾಡ

ಸರ್, ಮನಸ್ಸು ಒಪ್ಪದಿದ್ದರೆ ಒತ್ತಾಯವಿಲ್ಲ. ಆದರೆ ನಮ್ಮದಲ್ಲ ಎಂಬ ಮಾತಿಗೆ ಉತ್ತರ ಕೊಡಲೇಬೇಕು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಬಂದು, ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ನಡೆದಿತ್ತು. ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನು ಕಟ್ಟಿಕೊಟ್ಟರು, ಭಾರತೀಯ ಸಂಯೋಜಕರು ಅಲ್ಲಿ ಕೂತು ಟೇಪ್ ತುಂಬಿಸಿದರು. ಮುಂಬೈನ ಚರಣಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ 303, ಟಿಆರ್ 808 ಯಂತ್ರಗಳಲ್ಲಿ ಭೈರವಿ, ಲಲಿತ್, ಮೇಘ ಮಲ್ಹಾರಗಳನ್ನು ನುಡಿಸಿದರು. ಆಗ ಕೊಂಡವರಿಲ್ಲ. 2010ರಲ್ಲಿ ಅದು ಮತ್ತೆ ಬಿಡುಗಡೆಯಾದಾಗ ಜಗತ್ತಿನ ಸಂಗೀತಗಾರರು ಬೆರಗಾದರು. ಇನ್ನು ನಮ್ಮ ಬೆಂಗಳೂರಿನ ಜಿ. ರಾಜ್‌ನಾರಾಯಣ್. ಕೊಳಲು ವಾದಕರೂ ಹೌದು, ಎಂಜಿನಿಯರೂ ಹೌದು. ಎಲೆಕ್ಟ್ರಾನಿಕ್ ತಂಬೂರಿಯನ್ನು ಮನೆಮನೆಗೆ ತಲುಪಿಸಿದವರಲ್ಲಿ ಮೊದಲಿಗರು. ನಿಮ್ಮ ಊರಿನಲ್ಲಿ ಬೆಳಗಿನ ರಿಯಾಜ್ ನಡೆಯುವ ಎಷ್ಟು ಮನೆಗಳಲ್ಲಿ ಆ ಪೆಟ್ಟಿಗೆ ಷಡ್ಜ ಹಿಡಿದು ಕೂತಿಲ್ಲ?

ಒಂದು ಕಿರುಚಿತ್ರಕ್ಕೆ ಸಂಗೀತ ಮಾಡಿಕೊಟ್ಟೆ. ದುಡ್ಡೂ ಇಲ್ಲ, ಹೆಸರೂ ಇಲ್ಲ. ಏನು ಮಾಡಲಿ?
— ಬಳ್ಳಾರಿ

ನನಗೂ ಆಗಿದೆ. ಕೆಲಸಕ್ಕಿಳಿದ ಎರಡನೆಯ ವರ್ಷ ಒಂದು ಸಂಸ್ಥೆಗೆ ಹದಿನೆಂಟು ಹಾಡು ಮಾಸ್ಟರ್ ಮಾಡಿಕೊಟ್ಟೆ, ಎಲ್ಲ ಬಾಯಿಮಾತಿನ ಮೇಲೆ. ಹಣ ಇವತ್ತಿಗೂ ಬಂದಿಲ್ಲ. ಆ ತಿಂಗಳ ಬಾಡಿಗೆಗೆ ಅಕ್ಕನ ಹತ್ತಿರ ಕೈಯೊಡ್ಡಿದ್ದು ಇನ್ನೂ ನೋವು. ಅಂದಿನಿಂದ ಒಂದು ಪುಟದ ಕರಾರು, ಅರ್ಧ ಮುಂಗಡ, ಉಳಿದರ್ಧ ಬಂದ ಮೇಲೆಯೇ ಅಂತಿಮ ಫೈಲ್. ಗೆಳೆಯರಿಗೂ ಇದೇ.

ನೀವು ಸಂಯೋಜಕರಾದ್ದರಿಂದ ನಿಮಗೆ ನನಗಿಂತ ಹೆಚ್ಚಿನ ಹಕ್ಕಿದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಚಿತ್ರಕ್ಕೆ ಬಳಸಿದ ಸಂಗೀತ ಚಿತ್ರಮಂದಿರದ ಆಚೆ ಬೇರೆ ಕಡೆ ಬಳಕೆಯಾದಾಗ ಬರುವ ರಾಯಧನದಲ್ಲಿ, ಹಕ್ಕು ಬರೆಸಿಕೊಂಡವರ ಜೊತೆ ಸಂಯೋಜಕರಿಗೂ ಗೀತರಚನೆಕಾರರಿಗೂ ಸಮಪಾಲಿದೆ. ಅದನ್ನು ಬಿಟ್ಟುಕೊಟ್ಟೆ ಎಂದು ನಿಮ್ಮಿಂದ ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. ಈ ರಾಯಧನವನ್ನು ವಸೂಲು ಮಾಡಿ ಹಂಚುವ, 1969ರಿಂದ ಇರುವ ಐಪಿಆರ್‌ಎಸ್ ಸಂಸ್ಥೆಗೆ ಸದಸ್ಯರಾಗಿ, ಕೃತಿಯನ್ನು ನೋಂದಾಯಿಸಿ. ಪ್ರತಿ ಟ್ರ್ಯಾಕಿಗೂ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರದ ಗುರುತು ಹಾಕಿಸಿ. ವಾಟ್ಸ್ಆ್ಯಪ್ ಮಾತುಕತೆ, ನಿಮ್ಮ ಪ್ರಾಜೆಕ್ಟ್ ಫೈಲ್, ತಾರೀಖು, ಯಾವುದನ್ನೂ ಅಳಿಸಬೇಡಿ. ಮೊದಲು ಒಂದು ಶಾಂತವಾದ ಪತ್ರ ಬರೆಯಿರಿ. ಉತ್ತರ ಬರದಿದ್ದರೆ ವಕೀಲರ ನೋಟಿಸು.

ನಿಮ್ಮ ಸಂಗೀತಕ್ಕೆ ನೀವೇ ಮಾಸ್ಟರಿಂಗ್ ಮಾಡಿಕೊಳ್ಳುತ್ತೀರಾ?
— ಪುತ್ತೂರು

ಇಲ್ಲ. ಇನ್ನೊಬ್ಬರಿಗೆ ಕಳಿಸುತ್ತೇನೆ, ಅವರು ಕೇಳಿದಷ್ಟು ಕೊಡುತ್ತೇನೆ.

ನನ್ನ ಹೊಸ ಆಲ್ಬಮ್ಮಿಗೆ ಆಧಾರ ಆಯಿಯ ಹಳೆಯ ಶ್ರುತಿಪೆಟ್ಟಿಗೆ. ಮಲೆನಾಡಿನ ಮಳೆಗಾಲದ ಥಂಡಿಗೆ ಒಳಗೆ ಹಸಿರು ಹಿಡಿದು, ಷೆಲ್ ಇಳಿದಾಗ ಪಂಚಮ ಅಲುಗಾಡುತ್ತಿತ್ತು. ಆಯಿ ಇದ್ದಾಗ ಒಂದು ಸಂಜೆ ಅದನ್ನು ಫೋನಿನಲ್ಲಿ ಹಿಡಿದಿದ್ದೆ, ಇಪ್ಪತ್ತೆರಡು ನಿಮಿಷ. ಅದನ್ನೇ ಹಿಗ್ಗಿಸಿ, ಮಡಚಿ, ಒಂದರ ಮೇಲೊಂದು ಪೇರಿಸಿ ಐದು ಟ್ರ್ಯಾಕ್ ಮಾಡಿದೆ. ಒಂದೂವರೆ ವರ್ಷ ಕೂತು ಮಾಡಿದ್ದು, ನೂರಾರು ಸಲ ಕೇಳಿದ್ದೇನೆ.

ಮಾಸ್ಟರಿಂಗ್‌ಗೆ ಕಳಿಸಿದ ಮೂರನೆಯ ದಿನ ಆ ಎಂಜಿನಿಯರ್ ಬರೆದರು: ಕೊನೆಯ ಟ್ರ್ಯಾಕಿನಲ್ಲಿ 9 ನಿಮಿಷ 40 ಸೆಕೆಂಡಿಗೆ ಟಕ್ ಎಂದು ಒಂದು ಸದ್ದಿದೆ, ತಪ್ಪಿ ಬಂದಿರಬೇಕು, ತೆಗೆದುಬಿಡಲೇ? ನನಗೆ ಅದು ಒಮ್ಮೆಯೂ ಕೇಳಿಸಿರಲಿಲ್ಲ. ಹೆಡ್‌ಫೋನ್ ಹಾಕಿ ಹುಡುಕಿದೆ. ಆಯಿ ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸಿ ಆರಿಸಿದ ಸದ್ದು. ಅದರ ಹಿಂದೆಯೇ, ತೀರಾ ಸಣ್ಣದಾಗಿ, ಬಳೆ.

ತೆಗೆಯಬೇಡಿ ಎಂದು ಬರೆದೆ. ಹಾಗಿದ್ದರೆ ಬಳೆಯೂ ಕೇಳಿಸುವಂತೆ ಅಲ್ಲೊಂದು ಡೆಸಿಬಲ್ ಏರಿಸುತ್ತೇನೆ ಎಂದರು. ಏರಿಸಿ ಕಳಿಸಿದ್ದಾರೆ. ನಾಡಿದ್ದು ಶಿರಸಿಗೆ ಹೋಗುತ್ತೇನೆ, ಅಪ್ಪನಿಗೆ ಕೇಳಿಸಬೇಕು.